ಕಾರ್ಡಿಗೆ ಅರ್ಜಿ ಹಾಕುವ ಮೊದಲು

ಮಗಳೇ, ಕೀಮೋ ಆದ ಮೂರು ದಿನ ಗಂಜಿಯ ತಿಳಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಎಂದು ನೀನು ಫೋನಿನಲ್ಲಿ ಅತ್ತದ್ದು ಇನ್ನೂ ಕಿವಿಯಲ್ಲೇ ಇದೆ. ಗಂಡನಿಗೆ ಗಾಂಜಾ ಔಷಧಿ ಕೊಡಿಸೋಣವೇ ಎಂದು ಕೇಳಿದೆ. ಕೇಳಿದ್ದಕ್ಕೆ ಸಂಕೋಚ ಬೇಡ. ನೀವಿರುವ ಪೆನ್ಸಿಲ್ವೇನಿಯಾದಲ್ಲಿ 2016ರ ಕಾನೂನೇ ಅದಕ್ಕೆ ದಾರಿ ಮಾಡಿದೆ. ಅದು ಒಪ್ಪುವ ಕಾಯಿಲೆಗಳಲ್ಲಿ ಕ್ಯಾನ್ಸರೂ ಇದೆ.

ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಅವನ ಹೆಸರು ನೋಂದಾಯಿಸಬೇಕು. ಪ್ರಮಾಣಪತ್ರವನ್ನು ತರಬೇತಿ ಪಡೆದು ಇಲಾಖೆಯಲ್ಲಿ ನೋಂದಾಯಿಸಿಕೊಂಡ ವೈದ್ಯರೇ ಕೊಡಬೇಕು. ಅದು ಔಷಧಿ ಚೀಟಿಯಲ್ಲ. ಇವರಿಗೆ ಇಂಥ ಕಾಯಿಲೆ ಇದೆ, ಇದರಿಂದ ಪ್ರಯೋಜನವಾದೀತು ಎಂಬ ವೈದ್ಯರ ಮಾತು ಅಷ್ಟೇ. ಆಮೇಲೆ 50 ಡಾಲರ್ ಕಟ್ಟಿದರೆ ಒಂದು ವರ್ಷದ ಕಾರ್ಡು. ಅವನಿಗೆ ಏಳಲಾಗದಿದ್ದರೆ ನೀನು ಕೇರ್‌ಗಿವರ್ ಆಗಿ ಔಷಧಿ ತರಬಹುದು. ಆದರೆ ನಿನ್ನ ಹಿನ್ನೆಲೆಯನ್ನು ಪರಿಶೀಲಿಸುತ್ತಾರೆ.

ಗಾಂಜಾ ಔಷಧಿ ಮಾರುವ ಡಿಸ್ಪೆನ್ಸರಿಯಲ್ಲಿ ಕಾರ್ಡು ತೋರಿಸದೆ ಏನೂ ಸಿಗದು. ಮಾತ್ರೆ, ಎಣ್ಣೆ, ಮುಲಾಮು, ಆವಿಯಾಗಿಸಿ ಎಳೆಯುವ ಒಣ ಹೂವು, ಎಲ್ಲ ಇರುತ್ತದೆ. ಬೀಡಿಯಂತೆ ಸೇದುವುದಕ್ಕೆ ಮಾತ್ರ ಕಾನೂನಿನ ಒಪ್ಪಿಗೆ ಇಲ್ಲ. ಕೌಂಟರಿನ ಹುಡುಗ ಹೇಳಿದ್ದನ್ನೇ ನಂಬಿ ಬರಬೇಡ. ಫಾರ್ಮಸಿಸ್ಟ್ ಜತೆ ಮಾತಾಡಬೇಕೆಂದು ಕೇಳು, ನಿನ್ನ ಗಂಡ ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಮುಂದಿಡು. ಇನ್ಶೂರೆನ್ಸ್ ಇದಕ್ಕೆ ಕಾಸು ಕೊಡುವುದಿಲ್ಲ. ಔಷಧಿ ತೆಗೆದುಕೊಂಡವನು ಕಾರು ಓಡಿಸಲೇಬಾರದು. ರಕ್ತದಲ್ಲಿ ಗಾಂಜಾದ ಅಂಶ ಸಿಕ್ಕರೆ ಆ ರಾಜ್ಯದಲ್ಲಿ ಕಾರ್ಡು ತೋರಿಸಿದರೂ ಕೇಸು ತಪ್ಪುವುದಿಲ್ಲ.

ಇಷ್ಟೇ ಆಗಿದ್ದರೆ ನಾಳೆಯೇ ಅರ್ಜಿ ಹಾಕು ಎನ್ನುತ್ತಿದ್ದೆ. ಆದರೆ ನೀವಿಬ್ಬರೂ ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತವರು. ನನ್ನ ಎದೆ ಹೊಡೆದುಕೊಳ್ಳುವುದು ಅಲ್ಲೇ. ಗಾಂಜಾ ಕಾರ್ಡು ಕೊಡುವುದು ರಾಜ್ಯ. ವೀಸಾ ಕೊಡುವುದು ವಾಷಿಂಗ್ಟನ್. ರಾಜ್ಯ ಒಪ್ಪಿತೆಂದು ಕೇಂದ್ರದ ಕಾನೂನು ಸುಮ್ಮನಿರುವುದಿಲ್ಲ. ರಾಜ್ಯದಲ್ಲಿ ಅಪರಾಧವಲ್ಲದಿದ್ದರೂ ಗಾಂಜಾ ವ್ಯವಹಾರ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದು ಎಂದು ಅಲ್ಲಿನ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಬರೆದೇ ತಿಳಿಸಿದೆ. ಗ್ರೀನ್ ಕಾರ್ಡಿನ ಸಂದರ್ಶನದಲ್ಲಿ ಬಳಸಿದ್ದೇನೆಂದು ಒಪ್ಪಿಕೊಂಡರೂ ತೊಡಕಾಗಬಹುದು. ಇಲ್ಲವೆಂದು ಸುಳ್ಳು ಹೇಳಿದರೆ ಇನ್ನೂ ದೊಡ್ಡ ತೊಡಕು. ಅದಕ್ಕೇ ಹೇಳುತ್ತಿರುವುದು, ಆರೋಗ್ಯ ಇಲಾಖೆಯಲ್ಲಿ ಹೆಸರು ಬರೆಸುವ ಮೊದಲು ವಲಸೆ ಕಾನೂನಿನ ವಕೀಲರನ್ನು ಕಾಣು. ಪಕ್ಕದ ಮನೆಯ ಗುಜರಾತಿಯವರು ತಂದರಂತೆ, ಏನೂ ಆಗಲಿಲ್ಲವಂತೆ ಎಂಬ ಮಾತು ಕಿವಿಗೆ ಹಾಕಿಕೊಳ್ಳಬೇಡ. ಅವರು ಸಿಟಿಜನ್ ಆಗಿರಬಹುದು.

ಊರಿಗೆ ಬರುವಾಗ ಒಂದು ತೊಟ್ಟು ಎಣ್ಣೆಯೂ ಬ್ಯಾಗಿನಲ್ಲಿರಬಾರದು. ಇಲ್ಲಿ 1985ರ ಮಾದಕ ವಸ್ತು ಕಾಯ್ದೆ ಇದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆನ್ಸಿಲ್ವೇನಿಯಾದ ಕಾರ್ಡು ಬರೀ ಪ್ಲಾಸ್ಟಿಕ್ಕು.

ಹಾಗಂತ ಅವನು ವಾಂತಿ ಮಾಡುತ್ತಾ ಮಲಗಿರಲಿ ಎನ್ನುತ್ತಿಲ್ಲ. ಡ್ರೊನಾಬಿನಾಲ್ ಎಂಬ ಮಾತ್ರೆ ಇದೆ. ಗಾಂಜಾದ ಮುಖ್ಯ ಅಂಶವನ್ನೇ ಪ್ರಯೋಗಾಲಯದಲ್ಲಿ ತಯಾರಿಸಿದ್ದು. ಬೇರೆ ಔಷಧಿಗೆ ಬಗ್ಗದ ಕೀಮೋ ವಾಂತಿಗೆಂದು 1985ರಲ್ಲೇ ಅಮೆರಿಕದ ಕೇಂದ್ರ ಸರ್ಕಾರ ಒಪ್ಪಿದ್ದು. ಅದನ್ನು ಚೀಟಿ ಬರೆಸಿಕೊಂಡು ಸಾಮಾನ್ಯ ಔಷಧಿ ಅಂಗಡಿಯಲ್ಲೇ ಕೊಳ್ಳಬಹುದು. ಅವನಿಗೆ ಹೊಂದುತ್ತದೆಯೇ ಎಂದು ಅವನ ಕ್ಯಾನ್ಸರ್ ಡಾಕ್ಟರನ್ನು ಕೇಳು. ಮುಂದಿನ ಕೀಮೋಗೆ ಇನ್ನೂ ಹತ್ತು ದಿನ ಇದೆಯಲ್ಲ, ನಾಳೆ ಬೆಳಿಗ್ಗೆಯೇ ಅವರಿಗೆ ಫೋನ್ ಮಾಡು.