ಹೆಜ್ಜಾರ್ಲೆ ಮತ್ತು ಮೀನಿನೊಳಗಿನ ಹುಳು

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಕೆರೆಗಳಲ್ಲಿ ಹೆಜ್ಜಾರ್ಲೆಯು ತನ್ನ ಚೀಲದಂತಹ ಕೊಕ್ಕಿನಿಂದ ಮೀನು ಮೊಗೆಯುವುದನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇವು ಊರೊಳಗಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. 2017-18ರಲ್ಲಿ ಅಲ್ಲಿ ಹಲವಾರು ಹೆಜ್ಜಾರ್ಲೆಗಳು ಸತ್ತವು. ಶವಪರೀಕ್ಷೆಯಲ್ಲಿ ದುಂಡುಹುಳುಗಳು ಕಂಡುಬಂದವು.

ಹುಳು ಹೊಟ್ಟೆಯನ್ನು ಸೇರುವುದು ಹೇಗೆ? ಮೀನು ತಿನ್ನುವ ಪಕ್ಷಿಗಳಲ್ಲಿ ಸಾಮಾನ್ಯವಾದ ಕಾಂಟ್ರಸೀಕಮ್ ಎಂಬ ಹುಳುವನ್ನು ನೋಡೋಣ. ಇದರ ಮೊಟ್ಟೆಗಳು ಹಿಕ್ಕೆಯೊಡನೆ ನೀರಿಗೆ ಬೀಳುತ್ತವೆ. ಮರಿಹುಳುವನ್ನು ಸಿಗಡಿಯ ಬಳಗದ ಸೂಕ್ಷ್ಮ ಜಲಜೀವಿಗಳು ನುಂಗುತ್ತವೆ. ಅವುಗಳನ್ನು ಮೀನು ತಿನ್ನುತ್ತದೆ, ಮೀನನ್ನು ಪಕ್ಷಿ ತಿನ್ನುತ್ತದೆ. ಅಲ್ಲಿ ಹುಳು ಬಲಿತು, ಜಠರದ ಭಿತ್ತಿಗೆ ಕಚ್ಚಿಕೊಂಡು ಹುಣ್ಣು ಮಾಡಬಲ್ಲದು. ಎಳೆಯ ಹಾಗೂ ದುರ್ಬಲ ಪಕ್ಷಿಗಳಿಗೆ ಅಪಾಯ ಹೆಚ್ಚು.

ಗೂಡಿನಿಂದ ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು ಸಾಕುವಾಗ, ನಾವು ಕೊಟ್ಟ ಮೀನೇ ಅವಕ್ಕೆ ಆಹಾರ. ಆ ಮೀನನ್ನು ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಶೈತ್ಯದಲ್ಲಿ 7 ದಿನವಿಟ್ಟರೆ ಮರಿಹುಳುಗಳು ಸಾಯುತ್ತವೆ. ಆದರೆ ಹೀಗೆ ಶೇಖರಿಸಿದ ಮೀನಿನಲ್ಲಿ ಬಿ1 ಜೀವಸತ್ವವು ಕುಗ್ಗುವುದರಿಂದ ಅದನ್ನು ಬೇರೆಯಾಗಿ ಒದಗಿಸಬೇಕು. ಕರುಣೆಯಿಂದಿತ್ತ ತುತ್ತು ರೋಗಕ್ಕೆ ಕಾರಣವಾಗದಂತೆ ಕಾಯುವುದೂ ಕರುಣೆಯೇ.