ಇಟಾಲಿಯನ್ ಊಟಕ್ಕೆ ಕೂರುವ ಮುನ್ನ

ತುರೋರಿ, ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮಕ್ಕಳು ಪುಣೆ, ಹೈದರಾಬಾದಿನಲ್ಲಿ ನೌಕರಿ ಹಿಡಿದು ಅಪ್ಪ-ಅವ್ವನನ್ನು ಇಟಾಲಿಯನ್ ಹೋಟೆಲಿಗೆ ಕರೆದೊಯ್ಯುತ್ತಾರೆ. ಸಂತೋಷದಿಂದ ಹೋಗಿ. ಮನೆಯವರು ಶುದ್ಧ ಶಾಕಾಹಾರಿಗಳಾಗಿದ್ದರೆ ಮಾತ್ರ, ಆರ್ಡರ್ ಕೊಡುವ ಮೊದಲು ನಾಲ್ಕು ಮಾತು ಕೇಳಿಬಿಡಿ.

ಅಸಲಿ ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಪ್ರಾಣಿಜನ್ಯವಲ್ಲದ ರೆನೆಟ್‌ನ ಚೀಸ್ ಇದೆಯೇ ಎಂದು ವಿಚಾರಿಸಿ. ಸೀಸರ್ ಸಲಾಡ್‌ನಲ್ಲಿ ಆಂಚೊವಿ ಮೀನು, ಸಿಹಿತಿನಿಸುಗಳಾದ ಪನ್ನಾ ಕೋಟಾದಲ್ಲಿ ಪ್ರಾಣಿಜನ್ಯ ಜೆಲಟಿನ್, ತಿರಮಿಸುವಿನಲ್ಲಿ ಮೊಟ್ಟೆ, ಕೆಲವೊಮ್ಮೆ ಮದ್ಯವೂ ಇರಬಹುದು.

ಹಿರಿಯರಿಗೆ ಆಲಿಯೊ ಒಲಿಯೊ ತರಿಸಿ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿಯ ಈ ಪಾಸ್ತಾ ನಮ್ಮ ಖಾರದ ನಾಲಿಗೆಗೆ ಬೇಗ ಒಗ್ಗುತ್ತದೆ. ಕಚ್ಚಿದಾಗ ಪಾಸ್ತಾ ನಡುವೆ ತುಸು ಗಟ್ಟಿ ಹತ್ತಿದರೆ ಅದು ಹಸಿಯಲ್ಲ, ಇಟಲಿಯ ಪದ್ಧತಿ. ಮೆತ್ತಗೆ ಬೇಕಿದ್ದರೆ ಮೊದಲೇ ಹೇಳಿ. ಪಿಜ್ಜಾವನ್ನಂತೂ ಕೈಯಲ್ಲೇ ತಿನ್ನಿ.

ಬಿಲ್ಲನ್ನೂ ಒಮ್ಮೆ ಓದಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಪ್ರಕಾರ ಸೇವಾ ಶುಲ್ಕ ಕಡ್ಡಾಯವಲ್ಲ. ಸೇರಿಸಿದ್ದರೆ ತೆಗೆಯಲು ಹೇಳಬಹುದು. ಕೇಳಿ ತಿನ್ನುವುದಕ್ಕೆ ಸಂಕೋಚ ಬೇಡ. ಅಪ್ಪ-ಅವ್ವ ನೆಮ್ಮದಿಯಿಂದ ಉಂಡರೆ ನೀವು ಖರ್ಚು ಮಾಡಿದ್ದು ಸಾರ್ಥಕ.