ಸರದಿ ಮುಗಿದ ಮೇಲೂ ಕೂತಿರಿ

ಸಂಗೀತ ಕಲಿಯಲೆಂದು ಚಿಕ್ಕ ವಿಶ್ವವಿದ್ಯಾಲಯ ಸೇರಿದ ಮಕ್ಕಳೇ, ನೀವು ನನ್ನ ಬಳಿ ಹೆಚ್ಚಾಗಿ ಹೇಳಿಕೊಳ್ಳುವ ದುಃಖ ಒಂದೇ. "ಇಲ್ಲಿ ನಮ್ಮನ್ನು ಕೇಳುವವರು ಯಾರಿದ್ದಾರೆ ಸಾರ್? ಬೆಂಗಳೂರಿನ ಸಭೆಗಳಲ್ಲಿ ಅವಕಾಶ ಸಿಕ್ಕಿದ್ದರೆ ಆ ಮಾತೇ ಬೇರೆ." ನಾನು ನಿಮಗೆ ಹೇಳಬೇಕಾದದ್ದೂ ಒಂದೇ. ನಿಮಗೆ ಬೇಕಾದ ಕೇಳುಗರು ಪಕ್ಕದ ಬೆಂಚಿನಲ್ಲೇ ಇದ್ದಾರೆ. ಅವರಿಗೆ ನೀವು ಕೇಳುಗರಾಗಿ, ಉಳಿದದ್ದು ತಾನಾಗಿ ಬರುತ್ತದೆ.

ವಿದ್ಯಾರ್ಥಿಗಳ ಕಛೇರಿ ಹೇಗೆ ನಡೆಯುತ್ತದೆಂದು ನಿಮಗೂ ಗೊತ್ತು. ಮಧ್ಯಾಹ್ನ ಮೊದಲ ಹುಡುಗಿ ವರ್ಣ ಎತ್ತಿಕೊಳ್ಳುವಾಗ ಕೊಠಡಿ ತುಂಬಿರುತ್ತದೆ. ಹಾಡಿದವರು ವೇದಿಕೆ ಇಳಿದು, ಚಪ್ಪಲಿ ಮೆಟ್ಟಿಕೊಂಡು, ಜೊತೆಗಾರರನ್ನೂ ಕರೆದುಕೊಂಡು ಹೊರಟುಬಿಡುತ್ತಾರೆ. ಐದನೆಯವರು ಕೂರುವ ಹೊತ್ತಿಗೆ ಮುಂದೆ ಮೇಷ್ಟ್ರು, ಹಿಂದೆ ಇನ್ನೂ ಹಾಡಬೇಕಾದ ಇಬ್ಬರು. ಆ ಇಬ್ಬರೂ ಕೇಳುತ್ತಿರುವುದಿಲ್ಲ, ತುಟಿಯಲ್ಲೇ ತಮ್ಮ ಚಿಟ್ಟೆಸ್ವರ ಗುನುಗುತ್ತಿರುತ್ತಾರೆ. ಎಷ್ಟೋ ಸಂಗೀತ ಕಾಲೇಜುಗಳಲ್ಲಿ ಇದನ್ನು ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿದಿದೆ, ಏಕೆಂದರೆ ಆ ಕೊಠಡಿಯಲ್ಲಿ ನಷ್ಟವಾಗುತ್ತಿರುವುದು ಹಾಡುವವನಿಗಿಂತ ಎದ್ದು ಹೋದವನಿಗೆ.

ಒಂದು ಪ್ರಸಂಗ ಹೇಳುತ್ತೇನೆ. ಕೊನೆಯ ವರ್ಷದ ಹುಡುಗನೊಬ್ಬ ಕಲ್ಯಾಣಿಯಲ್ಲಿ ಸ್ವರಕಲ್ಪನೆಗೆ ಇಳಿದಿದ್ದ. ಒಳ್ಳೆಯ ಕಂಠ, ಲೆಕ್ಕಾಚಾರವೂ ಗಟ್ಟಿ. ಪಿಟೀಲಿಗೆ ಕೂತಿದ್ದ ಜೂನಿಯರ್ ಹುಡುಗಿ ಅವನ ಒಂದು ಸುತ್ತಿಗೆ ಉತ್ತರ ಕೊಡುತ್ತಾ ನಿಷಾದದ ಮೇಲೆ ತುಸು ಹೊತ್ತು ನಿಂತಳು. ಅದೊಂದು ಆಹ್ವಾನ. ಅದನ್ನು ಹಿಡಿದಿದ್ದರೆ ರಾಗ ಇನ್ನೊಂದು ಬಾಗಿಲು ತೆರೆಯುತ್ತಿತ್ತು. ಹುಡುಗನ ಕಿವಿಗೆ ಅದು ಬೀಳಲೇ ಇಲ್ಲ. ಮನೆಯಲ್ಲಿ ಬರೆದು ಉರು ಹೊಡೆದಿದ್ದ ಸ್ವರಗಳನ್ನೇ ಹಾಡಿ ಮುಕ್ತಾಯ ಮಾಡಿದ. ತಪ್ಪಿಲ್ಲ, ತಾಳ ಕೂಡಿತು, ಚಪ್ಪಾಳೆಯೂ ಬಿತ್ತು. ಆದರೆ ಪಕ್ಕದಲ್ಲಿ ಕೂತವಳ ಜೊತೆ ಅವನು ಹಾಡಲೇ ಇಲ್ಲ. ಆಮೇಲೆ ಅವನಿಗೆ ಒಂದು ಕೆಲಸ ಕೊಟ್ಟೆ: ಆ ಹುಡುಗಿ ನುಡಿಸುವ ಕಡೆಯಲ್ಲೆಲ್ಲ ಹೋಗಿ ಕೂರಬೇಕು, ಏನೂ ಮಾತಾಡಬಾರದು. ಆ ವರ್ಷದ ಕೊನೆಗೆ ಇಬ್ಬರೂ ಮತ್ತೆ ಒಟ್ಟಿಗೆ ಕೂತಾಗ ಅವಳು ಎಲ್ಲಿ ನಿಂತರೂ ಅವನು ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದ. ಮನೋಧರ್ಮ ಎಂದು ನಾವು ಕರೆಯುವುದು ಇದನ್ನೇ. ಕೋಣೆ ಬಾಗಿಲು ಹಾಕಿಕೊಂಡು ಎಷ್ಟು ಸಾಧನೆ ಮಾಡಿದರೂ ಇದು ಬರುವುದಿಲ್ಲ.

ಮೈಸೂರಿನ ಸಂಗೀತ ವಿಶ್ವವಿದ್ಯಾಲಯ ಯಾರ ಹೆಸರು ಹೊತ್ತಿದೆಯೋ ಆ ಗಂಗೂಬಾಯಿ ಹಾನಗಲ್ ಅವರನ್ನು ನೆನೆಯಿರಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಶಾಲೆಯ ಓದು ಪ್ರಾಥಮಿಕ ಹಂತಕ್ಕೇ ನಿಂತಿತು. ಬೀದಿಯಲ್ಲಿ ಗ್ರಾಮಫೋನಿನ ದನಿ ಕೇಳಿದರೆ ಸಾಕು, ಮನೆಯಿಂದ ಓಡಿಹೋಗುತ್ತಿದ್ದ ಹುಡುಗಿ ಅವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಒಲವು ಹಿಂದೂಸ್ತಾನಿ ಕಡೆಗೆ ಎಂದು ತಿಳಿದ ಮೇಲೆ ಅವಳ ಕಿವಿಗೆ ಬೇರೆ ಶೈಲಿ ಬೆರೆಯಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದರು. ಇನ್ನೊಬ್ಬರ ಕಿವಿಗಾಗಿ ತನ್ನ ಕಂಠ ಬಿಟ್ಟುಕೊಡುವುದೆಂದರೆ ಸಾಮಾನ್ಯ ಮಾತಲ್ಲ. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತರು. ಅದೇ ಮನೆಯಲ್ಲಿ ಭೀಮಸೇನ ಜೋಶಿಯವರೂ ಕಲಿಯುತ್ತಿದ್ದರು. ಪಾಠ ಮುಗಿದ ಮೇಲೆ ಗಂಗೂಬಾಯಿಯವರನ್ನು ಸ್ಟೇಷನ್ನಿಗೆ ಬಿಟ್ಟು ಬರುತ್ತಿದ್ದವರು ಅವರೇ. ಆ ಭೀಮಸೇನರನ್ನು ಹುಡುಗನಾಗಿದ್ದಾಗ ಮನೆ ಬಿಡಿಸಿದ್ದು ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ಒಂದು ಧ್ವನಿಮುದ್ರಿಕೆ. ಇಬ್ಬರ ಬದುಕೂ ಶುರುವಾದದ್ದು ಕೇಳುವುದರಿಂದ. ಆ ಗುರುವಿನ ಮನೆಯಲ್ಲಿ ಸಭೆ ಇರಲಿಲ್ಲ, ಸಾಲು ಕುರ್ಚಿ ಇರಲಿಲ್ಲ. ಗುರು ಮತ್ತು ಕೆಲವೇ ಶಿಷ್ಯರು. ನಿಮ್ಮ ತರಗತಿಯೂ ಅಷ್ಟೇ ದೊಡ್ಡದು.

ಈಗ ಕೈಗೆತ್ತಿಕೊಳ್ಳಬಹುದಾದ ನಾಲ್ಕು ಮಾತು.

ಮೊದಲನೆಯದು, ಹಿರಿಯ ವಿದ್ಯಾರ್ಥಿ ಹಾಡುವಾಗ ಹಿಂದೆ ಕೂತು ತಂಬೂರಿ ಹಿಡಿಯಿರಿ. ಫೋನಿನ ಶ್ರುತಿ ಆ್ಯಪ್ ಅಭ್ಯಾಸಕ್ಕೆ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಬಿರಡೆ ತಿರುಗಿಸಿ ಪಂಚಮ ಕೂಡಿಸಿ, ಕುದುರೆಯ ಮೇಲೆ ತಂತಿಯ ಅಡಿಗೆ ತೂರಿಸಿದ ಹತ್ತಿಯ ನೂಲನ್ನು ಕೂದಲೆಳೆಯಷ್ಟು ಸರಿಸಿದಾಗ ಮಂಕಾಗಿದ್ದ ನಾದ ಇದ್ದಕ್ಕಿದ್ದಂತೆ ಅರಳುತ್ತದಲ್ಲ, ಅದನ್ನು ನಿಮ್ಮ ಬೆರಳೇ ಕಲಿಯಬೇಕು. ಎರಡು ಗಂಟೆ ಹಾಗೆ ಕೂತವರಿಗೆ ಹಾಡುವವರ ಷಡ್ಜ ಎಲ್ಲಿ ಜಾರಿತು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯದು, ಗಾಯನದವರು ವಾದ್ಯದವರ ಪರೀಕ್ಷೆಗೂ ಹೋಗಿ, ವಾದ್ಯದವರು ಗಾಯನದವರ ಪಾಠಕ್ಕೂ ಬನ್ನಿ. ಮೃದಂಗದ ಹುಡುಗನಿಗೆ ಕೃತಿಯ ಸಾಹಿತ್ಯ ಗೊತ್ತಿದ್ದರೆ ಅವನು ನೆರವಲಿನ ನಡುವೆ ಎಲ್ಲಿ ನುಡಿಸಬೇಕು, ಎಲ್ಲಿ ಎಡದಲ್ಲಿ ಒಂದು ಗುಮುಕಿ ಕೊಟ್ಟು ಸುಮ್ಮನಾಗಬೇಕು ಎಂದು ತಿಳಿದು ನುಡಿಸುತ್ತಾನೆ. ತನಿ ಆವರ್ತನ ಶುರುವಾದ ಕೂಡಲೇ ನೀರು ಕುಡಿಯಲು ಹೋಗುವ ಗಾಯಕರಿಗೆ ಆ ವಿವೇಕದ ಬೆಲೆ ಎಂದೂ ತಿಳಿಯುವುದಿಲ್ಲ. ತಾಳ ಹಾಕಿಕೊಂಡು ಕೂತಿರಿ. ನಿಮಗಾಗಿ ಅಷ್ಟು ಹೊತ್ತು ನುಡಿಸಿದವನಿಗೆ ಅದು ಸಲ್ಲಬೇಕಾದ ಋಣ.

ಮೂರನೆಯದು, ಕಛೇರಿ ಮುಗಿದ ಮೇಲೆ ಹಾಡಿದವರ ಬಳಿ ಹೋಗಿ ಒಂದು ನಿಜ ಹೇಳಿ. "ಚೆನ್ನಾಗಿತ್ತು" ಎಂದರೆ ಯಾರಿಗೂ ಉಪಯೋಗವಿಲ್ಲ. "ಚರಣದಲ್ಲಿ ಎರಡನೇ ಸಂಗತಿ ಅವಸರವಾಯಿತು, ಆದರೆ ಆಲಾಪನೆಯಲ್ಲಿ ತಾರಸ್ಥಾಯಿಗೆ ಹೋಗದೆ ತಡೆದುಕೊಂಡದ್ದು ತುಂಬ ಹಿಡಿಸಿತು" ಎನ್ನಿ. ಇಷ್ಟು ಹೇಳಬೇಕಾದರೆ ನೀವು ಮನಸ್ಸಿಟ್ಟು ಕೇಳಿರಲೇಬೇಕು. ಅಪರಿಚಿತರ ಸಭೆಯಲ್ಲಿ ಇಂಥ ಮಾತು ಹೇಳುವವರು ಸಿಗುವುದಿಲ್ಲ. ಎಲ್ಲರಿಗೂ ಎಲ್ಲರ ಶ್ರುತಿ ಗೊತ್ತಿರುವ, ಯಾರದು ಐದು ಮನೆ ಯಾರದು ಐದೂವರೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲ ಚಿಕ್ಕ ಜಾಗದಲ್ಲಿ ಮಾತ್ರ ಸಿಗುತ್ತಾರೆ.

ನಾಲ್ಕನೆಯದು, ವೇದಿಕೆ ಹತ್ತಿದಾಗ ಕೊನೆಯ ಸಾಲಿನಲ್ಲಿ ಕೂತವರನ್ನು ಮರೆಯಬೇಡಿ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದ್ದು ಆ ಕೊನೆಯ ಸಾಲಿಗಾಗಿ. ಅವರಿಗೆ ತಮ್ಮ ಕೈಚಳಕಕ್ಕಿಂತ ಅದು ಯಾರಿಗೆ ಮುಟ್ಟುತ್ತಿಲ್ಲ ಎಂಬುದು ದೊಡ್ಡ ಚಿಂತೆಯಾಗಿತ್ತು. ಬೇರೆಯವರ ಕಛೇರಿಯಲ್ಲಿ ಕೊನೆಯ ಸಾಲಿನಲ್ಲಿ ಕೂತು ಅಭ್ಯಾಸವಿದ್ದವರಿಗೆ ಮಾತ್ರ ಈ ಚಿಂತೆ ಹುಟ್ಟುತ್ತದೆ.

ಇನ್ನೊಂದನ್ನು ಮುಚ್ಚಿಡದೆ ಹೇಳಬೇಕು. ಬಿ.ಪಿ.ಎ., ಎಂ.ಪಿ.ಎ. ಮುಗಿಸಿದ ಎಲ್ಲರೂ ಕಛೇರಿ ವಿದ್ವಾಂಸರಾಗುವುದಿಲ್ಲ. ಕೆಲವರು ಆಕಾಶವಾಣಿಯ ಆಡಿಷನ್ ದಾಟಿ ಗ್ರೇಡ್ ಪಡೆಯುತ್ತೀರಿ. ಹೆಚ್ಚಿನವರು ಪಾಠ ಹೇಳುತ್ತೀರಿ, ಶಾಲೆಯಲ್ಲಿ ಅಥವಾ ಮನೆಯ ಹಜಾರದಲ್ಲಿ. ಅದು ಕಡಿಮೆಯ ಕೆಲಸವಲ್ಲ. ಸರಳೆವರಸೆ ಹಾಡುವ ಎಂಟು ವರ್ಷದ ಮಗುವಿನ ಮಧ್ಯಮ ತುಸು ಏರಿದೆ ಎಂದು ಆ ಕ್ಷಣವೇ ಹಿಡಿದು ತಿದ್ದಬಲ್ಲ ಮೇಷ್ಟ್ರು ಬೇಕು. ಆ ಕೆಲಸಕ್ಕೆ ನಿಮ್ಮ ಕಂಠ ಅರ್ಧ ಬಂಡವಾಳ, ಉಳಿದರ್ಧ ಕಿವಿ. ಸಹಪಾಠಿಗಳ ತಪ್ಪು ಒಪ್ಪುಗಳನ್ನು ವರ್ಷಗಟ್ಟಲೆ ಕೂತು ಕೇಳಿದವರು ಆ ಬಂಡವಾಳ ಪೂರ್ತಿ ಮಾಡಿಕೊಂಡು ಹೊರಡುತ್ತಾರೆ. ತಮ್ಮ ಸರದಿ ಮುಗಿಸಿ ಎದ್ದು ಹೋದವರು ತಮ್ಮ ಐದಾರು ಕೃತಿಗಳನ್ನು ಮಾತ್ರ ಕಲಿತು ಹೋಗುತ್ತಾರೆ.

ಗಂಗೂಬಾಯಿಯವರ ಪಕ್ಕದಲ್ಲಿ ಮಗಳು ಕೃಷ್ಣಾ ದಶಕಗಳ ಕಾಲ ಕೂತು ಹಾಡಿದರು. ತಾಯಿಯ ಉಸಿರು ಎಲ್ಲಿ ಮುಗಿಯುತ್ತದೆಂದು ತಿಳಿದು ಅಲ್ಲಿಂದ ಎತ್ತಿಕೊಳ್ಳುವುದೇ ಅವರ ಕೆಲಸ. ಮುಂದೆ ನಿಲ್ಲುವವರ ಹೆಸರು ಲೋಕಕ್ಕೆ ಗೊತ್ತಾಗುತ್ತದೆ. ಪಕ್ಕದವರ ಕಿವಿ ಇಲ್ಲದಿದ್ದರೆ ಮುಂದಿನವರ ಹಾಡೂ ನಡೆಯುವುದಿಲ್ಲ. ನಿಮ್ಮಲ್ಲಿ ಯಾರು ಮುಂದೆ, ಯಾರು ಪಕ್ಕ ಎಂಬುದನ್ನು ಕಾಲ ನಿರ್ಧರಿಸಲಿ. ಎರಡಕ್ಕೂ ತಯಾರಾಗಿರಿ.

ಓದು ಮುಗಿಸಿ ಗುಂಡ್ಲುಪೇಟೆಗೋ ಹಾಸನಕ್ಕೋ ಶಿರಸಿಗೋ ಹಿಂತಿರುಗಿದಾಗ ಸಭೆಯವರು ಕರೆಯಲಿ ಎಂದು ಕಾಯಬೇಡಿ. ತಿಂಗಳಿಗೊಂದು ಸಂಜೆ ಹತ್ತು ಜನರನ್ನು ಮನೆಗೆ ಕರೆಯಿರಿ. ಒಂದು ಜಮಖಾನೆ, ಒಂದು ತಂಬೂರಿ ಸಾಕು. ಮೊದಲು ಊರಿನ ಹುಡುಗ ಹುಡುಗಿಯರಿಂದ ಹಾಡಿಸಿ, ಆಮೇಲೆ ನೀವು ಹಾಡಿ. ಆ ಹತ್ತು ಜನಕ್ಕೆ ಕೊನೆಯವರೆಗೂ ಕೂತು ಕೇಳುವ ಅಭ್ಯಾಸ ಹತ್ತಿಸಿದರೆ, ನಿಮ್ಮ ವಿಶ್ವವಿದ್ಯಾಲಯ ಚಿಕ್ಕದಾಗಿದ್ದರೂ ಅದರ ಕೆಲಸ ನಿಮ್ಮ ಊರಿನವರೆಗೂ ಬಂತು ಎಂದೇ ಲೆಕ್ಕ.